ಸಹಾಯ ಬೇಕು: ‘ಒಡಿಸ್ಸಿ’ಯ ಮಹೋಪಮೆಗಳನ್ನು ಮಗಳಿಗೆ ವಿವರಿಸುವ ಬಗೆ

ಎಲ್ಲರಿಗೂ ನಮಸ್ಕಾರ. ನಾವು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇವೆ; 9ನೆಯ ತರಗತಿಯಲ್ಲಿರುವ ಮಗಳಿಗೆ ಇಂಗ್ಲಿಷ್ ಪಠ್ಯವಾಗಿ ಗ್ರೀಕ್ ಕವಿ ಹೋಮರನ ಮಹಾಕಾವ್ಯ ‘ಒಡಿಸ್ಸಿ’ಯ ಆಯ್ದ ಭಾಗಗಳಿವೆ. ಕಥೆ ಅವಳಿಗೆ ಹಿಡಿಸಿದೆ, ಗ್ರೀಕ್ ದೇವತೆಗಳ ಹೆಸರುಗಳೂ ಬಾಯಿಪಾಠವಾಗಿವೆ. ತೊಡಕಿರುವುದು ಕಾವ್ಯದ ಪರಿಭಾಷೆಯಲ್ಲಿ.

9ನೆಯ ಸರ್ಗದಲ್ಲಿ ಒಕ್ಕಣ್ಣ ದೈತ್ಯನ ಕಣ್ಣಿಗೆ ಕಾದ ಆಲಿವ್ ಮರದ ಗೂಟವನ್ನು ಚುಚ್ಚಿದಾಗ, ಕಮ್ಮಾರನು ಕಾಸಿದ ಕೊಡಲಿಯನ್ನು ತಣ್ಣೀರಿನಲ್ಲಿ ಅದ್ದಿದಂತೆ ಆ ಕಣ್ಣು ಚುಂಯ್‌ಗುಟ್ಟಿತು ಎಂಬ ಹೋಲಿಕೆ ಬರುತ್ತದೆ. ಅದನ್ನು ಅವಳು ಮೆಟಫರ್ (ರೂಪಕ) ಎಂದು ಬರೆದು ಅಂಕ ಕಳೆದುಕೊಂಡಳು. ‘ಅಂತೆ’ ಎಂಬ ಉಪಮಾವಾಚಕ ಇರುವುದರಿಂದ ಇದು ರೂಪಕವಲ್ಲ, ಉಪಮೆ ಎಂದು ನಾನು ಹೈಸ್ಕೂಲಿನಲ್ಲಿ ಕಲಿತ ವ್ಯಾಕರಣದ ಬಲದಿಂದ ಹೇಳಿದೆ. ಆದರೆ ಶಿಕ್ಷಕರು ಕೇಳುವುದು ಎಪಿಕ್ ಸಿಮಿಲಿ, ಅಂದರೆ ನಾಲ್ಕಾರು ಸಾಲು ಬೆಳೆದು ತಾನೇ ಒಂದು ಚಿತ್ರವಾಗುವ ಮಹೋಪಮೆ. ಸಾಮಾನ್ಯ ಉಪಮೆ ಎಲ್ಲಿ ಮುಗಿದು ಮಹೋಪಮೆ ಎಲ್ಲಿ ಶುರುವಾಗುತ್ತದೆ ಎಂದು ಅವಳು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯದಲ್ಲಿ ಇಂಥ ಮಹೋಪಮೆಗಳು ಹೇರಳವಾಗಿವೆ. ಮನೆಯಲ್ಲಿ ಕನ್ನಡ ಮಾತಾಡಿದರೂ ಹಳಗನ್ನಡದ ಪರಿಚಯವಿಲ್ಲದ 14ರ ಹುಡುಗಿಗೆ ತಿಳಿಯುವಂಥ ಎರಡು ಮೂರು ಭಾಗಗಳನ್ನು, ಸಂಚಿಕೆಯ (ಅಧ್ಯಾಯದ) ಹೆಸರಿನೊಂದಿಗೆ ಯಾರಾದರೂ ಸೂಚಿಸಬಲ್ಲಿರಾ? ಪರೀಕ್ಷೆ ಮುಂದಿನ ವಾರವಿದೆ.