ಅಂಬಾಸಡರ್ ಕಾರಿನ ಅಡಿ ಬಣ್ಣ ಕೆಂಪೋ ಕಪ್ಪೋ? ಹಳೆಯ ಅಂಡರ್ ಕೋಟಿಂಗಿಗೆ ಹೊಸದು ಹೊಂದುತ್ತಿಲ್ಲ

ಬಳ್ಳಾರಿ ಅಂಬಿ

ಎಲ್ಲರಿಗೂ ನಮಸ್ಕಾರ. ಅಪ್ಪನ 1971ರ ಅಂಬಾಸಡರ್ ಮಾರ್ಕ್ 2 ಎಂಟು ತಿಂಗಳಿಂದ ಕೆಲಸದಲ್ಲಿದೆ. ಎಂಜಿನ್ ಮುಗಿಯಿತು. ಟಿಂಕರಿಂಗ್ ಕೂಡ ಬಹುತೇಕ ಮುಗಿಯಿತು. ಈಗ ಸಿಕ್ಕಿಹಾಕಿಕೊಂಡಿರುವುದು ಕಾರಿನ ಅಡಿಯಲ್ಲಿ.

ಡಿಕ್ಕಿಯ ತಳ ಮತ್ತು ಎಡಗಡೆ ಬಾಗಿಲ ಕೆಳಗಿನ ತಗಡು ತುಕ್ಕು ಹಿಡಿದು ತೂತಾಗಿತ್ತು. ಹಾಳಾದಷ್ಟು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿದೆ. ಉಳಿದ ಕಡೆ ಹಳೆಯ ಅಂಡರ್ ಕೋಟಿಂಗ್ (ತುಕ್ಕು ಹಿಡಿಯದಂತೆ ಕಾರಿನ ಅಡಿಗೆ ಹೊಡೆಯುವ ದಪ್ಪ ಪದರ) ಇನ್ನೂ ಗಟ್ಟಿಯಾಗಿದೆ, ಅದನ್ನು ತೆಗೆಸಲು ಮನಸ್ಸಿಲ್ಲ. ಹೊಸ ತಗಡಿಗೆ ಮಾತ್ರ ಅದೇ ಬಣ್ಣದ್ದು ಹೊಡೆಸಬೇಕು. ಹಳೆಯದು ನೋಡಲು ಕೆಂಪು ಬೆರೆತ ಕಂದು, ಹೆಚ್ಚು ಕಡಿಮೆ ಇಟ್ಟಿಗೆ ಪುಡಿಯ ಬಣ್ಣ. ಮುಟ್ಟಿದರೆ ಒರಟು.

ಒಂದು ಚೂರು ಕೆತ್ತಿಕೊಂಡು ಪೇಂಟ್ ಅಂಗಡಿಗೆ ಹೋದೆ. ಬಣ್ಣ ಅಳೆಯುವ ಮಷಿನ್ ಇಟ್ಟು ನೋಡಿ ಕಂದು ಬಣ್ಣ ಕಲಸಿ ಕೊಟ್ಟರು. ಹೊಸ ತಗಡಿಗೆ ಹೊಡೆಸಿದೆ. ಪಕ್ಕದ ಹಳೆಯ ಕೋಟಿಂಗ್ ಮೇಲೂ ಒಂದು ಗೇಣಿನಷ್ಟು ಹೊಡೆಸಿದೆ. ಟ್ಯೂಬ್‌ಲೈಟಿನಲ್ಲಿ ಸರಿ ಕಂಡ ಬಣ್ಣ ಹಗಲಿನ ಬೆಳಕಿಗೆ ಬಂದಾಗ ನೇರಳೆ ಹೊಡೆಯುತ್ತಿದೆ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ, ಹಳೆಯದರ ಮೇಲೆ ಹೊಡೆದ ಜಾಗದಲ್ಲಿ ಮೂರೇ ದಿನಕ್ಕೆ ಕಂದುಗಪ್ಪು ಕಲೆಗಳು ಎದ್ದಿವೆ. ಇನ್ನೊಂದು ಕೋಟ್ ಹೊಡೆಸಿದರೂ ಮತ್ತೆ ಬಂದವು.

ಈ ಕಾರು ಅಪ್ಪನ ಜೊತೆ ಬಳ್ಳಾರಿ–ಸಂಡೂರು ರಸ್ತೆಯಲ್ಲೇ ಓಡಿದ್ದು. 2009ರಲ್ಲಿ ಅವರು ತೀರಿಕೊಂಡ ಮೇಲೆ ಶೆಡ್ಡಿನಲ್ಲಿ ನಿಂತುಬಿಟ್ಟಿತ್ತು. ಅವರು ಕೊಂಡಾಗ ಹೇಗಿತ್ತೋ ಹಾಗೇ ಆಗಬೇಕು ಅನ್ನೋದು ನನ್ನ ಆಸೆ. ಅಸಲಿ ಬಣ್ಣ ಯಾವುದು ಅಂತ ಕಂಡುಹಿಡಿಯುವುದು ಹೇಗೆ? ಗೊತ್ತಿದ್ದವರು ದಯವಿಟ್ಟು ಹೇಳಿ.

ಕೊಪ್ಪಳ ಗ್ಯಾರೇಜ್

ತಮ್ಮಾ, ಪೇಂಟ್ ಅಂಗಡಿಯಲ್ಲಿ ಏನಂತ ಕೇಳಿದೆ? ಅಂಡರ್ ಕೋಟ್ ಅಂದರೆ ಅವರ ಲೆಕ್ಕದಲ್ಲಿ ಬಣ್ಣದ ಕೆಳಗೆ ಹೊಡೆಯುವ ಪ್ರೈಮರ್, ಸರ್ಫೇಸರ್. ನಿನಗೆ ಬೇಕಿರುವುದು ಕಾರಿನ ಅಡಿಗೆ ಹೊಡೆಯುವ ದಪ್ಪ ಕೋಟಿಂಗ್. ಆ ಕಾಲದ್ದು ಸಾಮಾನ್ಯವಾಗಿ ಡಾಂಬರು ಜಾತಿಯದು. ಈ ಎರಡು ಹೆಸರು ಕಲಸಿಹೋಗಿ ಎಷ್ಟೋ ಗಾಡಿ ಕೆಟ್ಟಿದ್ದು ನೋಡಿದ್ದೇನೆ.

ಕಲೆಗೆ ಕಾರಣ ಇದು. ಡಾಂಬರಿನ ಮೇಲೆ ಥಿನ್ನರ್ ಇರುವ ಬಣ್ಣ ಬಿದ್ದರೆ ಕೆಳಗಿನ ಡಾಂಬರು ಕರಗುತ್ತದೆ. ಕರಗಿದ್ದು ಬಣ್ಣದೊಳಗೆ ನುಗ್ಗಿ ಮೇಲೆ ಬರುತ್ತದೆ. ಹತ್ತು ಕೋಟ್ ಹೊಡೆದರೂ ನಿಲ್ಲುವುದಿಲ್ಲ, ಪ್ರತಿ ಕೋಟಿನ ಥಿನ್ನರ್ ಮತ್ತೆ ಕರಗಿಸುತ್ತದೆ. ಹಳೆಯದರ ಮೇಲೆ ಹೊಡೆದ ಆ ಬಣ್ಣವನ್ನು ತೆಗೆಯಲೇಬೇಕು.

ಮಷಿನ್ ಬಗ್ಗೆಯೂ ಹೇಳುತ್ತೇನೆ. ಅದಕ್ಕೆ ನುಣುಪಾದ, ಶುಚಿಯಾದ ಜಾಗ ಬೇಕು. ಒರಟು ಚೂರು ಕೊಟ್ಟರೆ ಉಬ್ಬು ತಗ್ಗಿನ ನೆರಳನ್ನೂ ಬಣ್ಣ ಅಂತಲೇ ಓದುತ್ತದೆ. ಅಂಗಡಿಯವರ ತಪ್ಪು ಇದರಲ್ಲಿ ಕಡಿಮೆ.

ಚೂರು ಕೆತ್ತಿದ್ದು ಎಲ್ಲಿಂದ? ಬಯಲಾಗಿರುವ ಜಾಗದಿಂದ ಆದರೆ ಅದನ್ನು ಮರೆತುಬಿಡು. ಬ್ರೇಕ್ ಪೈಪನ್ನು ತಳಕ್ಕೆ ಹಿಡಿದಿರುವ ಕ್ಲಿಪ್ಪುಗಳಿವೆಯಲ್ಲ, ಅವುಗಳ ಹಿಂದೆ ನೋಡು. ಬಂಪ್ ರಬ್ಬರಿನ ಹಿಂದೆ ನೋಡು. ಮಡ್ ಫ್ಲಾಪ್ ಪಟ್ಟಿಯ ಹಿಂದೆಯೂ ನೋಡು, ಆದರೆ ಅದು ಆಮೇಲೆ ಕೂರಿಸಿದ್ದಾಗಿರುತ್ತದೆ, ಪೂರ್ತಿ ನಂಬಬೇಡ. ಬ್ರೇಕ್ ಪೈಪ್ ಬಗ್ಗದಂತೆ ನಿಧಾನವಾಗಿ ಬಿಚ್ಚು.

ಇನ್ನೊಂದು. ಒಣಗಿದ್ದನ್ನು ಹಾಗೇ ಕೆತ್ತಬೇಡ, ಮರಳು ಕಾಗದ ಅಂತೂ ಬೇಡವೇ ಬೇಡ. ಆ ಕಾಲದ ಅಂಡರ್ ಕೋಟಿಂಗಿನಲ್ಲಿ ಉಸಿರಿನೊಂದಿಗೆ ಒಳಗೆ ಹೋದರೆ ಅಪಾಯವಾದ ಆಸ್ಬೆಸ್ಟಸ್ ನಾರು ಬೆರೆಸುತ್ತಿದ್ದದ್ದುಂಟು. ನೀರು ಚಿಮುಕಿಸಿ ಒದ್ದೆ ಮಾಡಿ ಕೆತ್ತು, ಒಳ್ಳೆಯ ಮಾಸ್ಕ್ ಹಾಕಿಕೋ. ಬರೀ ಜಾಕ್ ನಂಬಿ ಗಾಡಿ ಕೆಳಗೆ ಹೋಗಬೇಡ, ಸ್ಟ್ಯಾಂಡ್ ಕೊಡು.

ಗಂಗಾವತಿ ಜೀಪ್

ಇದು ರೆಡ್ ಆಕ್ಸೈಡ್ ಪ್ರೈಮರೇ ಇರಬೇಕು ಅಣ್ಣ. ನಮ್ಮ ಜೀಪಿನ ಅಡಿಗೂ ಅದೇ ಬಳಿಸಿದ್ದೆವು, ಬಣ್ಣ ಥೇಟ್ ಇಟ್ಟಿಗೆ ಪುಡಿ. ಲೀಟರ್ ಡಬ್ಬಿ ತಂದು ಬಳಿಸಿದರೆ ಆಯ್ತಲ್ವಾ?

ಪದ್ಮಿನಿ ರಾಯಚೂರು

ಅಷ್ಟು ಬೇಗ ಡಬ್ಬಿ ತರಿಸಬೇಡಿ. ನಾನೂ ಇದೇ ತಪ್ಪು ಮಾಡಿದವಳು, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಪದ್ಮಿನಿ ಕಾರು ಮನೆಗೆ ಬಂದಾಗ ಅದರ ಅಡಿ ಪೂರ್ತಿ ಬೂದು ಬಣ್ಣ ಇತ್ತು. ಅದೇ ಅಸಲಿ ಅಂದುಕೊಂಡು ಬೂದು ಹುಡುಕಿಕೊಂಡು ಒಂದು ತಿಂಗಳು ಅಲೆದೆ. ಕೊನೆಗೆ ಒಂದು ಕ್ಲಿಪ್ ಬಿಚ್ಚಿದಾಗ ಅದರ ಹಿಂದೆ ಕಪ್ಪು. ಆ ಕಾರು ವರ್ಷಗಟ್ಟಲೆ ಬೂದಿ ಲಾರಿಗಳ ಹಿಂದೆ ಓಡಿತ್ತು. ನಾನು ಹುಡುಕಿದ್ದು ಕಾರಿನ ಬಣ್ಣವನ್ನಲ್ಲ, ರಸ್ತೆಯ ಬಣ್ಣವನ್ನು.

ನಮ್ಮ ಕಡೆ ಬಿಸಿಲು ಗೊತ್ತಲ್ಲ, ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಕೆಳಗೆ ಕಾದ ರಸ್ತೆ, ಪಕ್ಕದಲ್ಲಿ ಸೈಲೆನ್ಸರ್. ಡಾಂಬರು ಮೆತ್ತಗಾಗುತ್ತದೆ. ಹಾರಿ ಬಂದ ಧೂಳು ಅದರ ಮೇಲೆ ಕೂರುವುದಿಲ್ಲ, ಒಳಗೆ ಇಳಿಯುತ್ತದೆ. ಚಳಿಗಾಲಕ್ಕೆ ಅದು ಗಟ್ಟಿಯಾದಾಗ ಧೂಳು ಅಲ್ಲೇ ಹೂತುಹೋಗುತ್ತದೆ. ಮುಂದಿನ ಬೇಸಿಗೆಗೆ ಇನ್ನೊಂದು ಪದರ. ಹೀಗೆ ಆದದ್ದು ನೀರು ಹೊಡೆದು ತೊಳೆದರೆ ಹೋಗುವುದಿಲ್ಲ, ಅದಕ್ಕೇ ಅಸಲಿ ಬಣ್ಣದ ಹಾಗೆ ಕಾಣುತ್ತದೆ.

ನಿಮ್ಮದು ಸಂಡೂರು ರಸ್ತೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಲ್ಲಿಸುವ ಮುಂಚಿನ ದಿನಗಳಲ್ಲಿ ಆ ರಸ್ತೆ ಹೇಗಿತ್ತು ಅಂತ ನಿಮಗೇ ಗೊತ್ತು. ಬೇವಿನ ಮರದ ಎಲೆಯೂ ಕೆಂಪಗಿರುತ್ತಿತ್ತು. ಕಾರಿನ ಅಡಿ ಇನ್ನೇನಾಗುತ್ತದೆ?

ಗಂಗಾವತಿಯವರು ರೆಡ್ ಆಕ್ಸೈಡ್ ಅಂದದ್ದರಲ್ಲಿ ಆಶ್ಚರ್ಯವಿಲ್ಲ. ರೆಡ್ ಆಕ್ಸೈಡ್ ಪ್ರೈಮರಿಗೆ ಬಣ್ಣ ಕೊಡುವುದು ಕಬ್ಬಿಣದ ಆಕ್ಸೈಡ್. ಸಂಡೂರಿನ ಅದಿರಿನ ಧೂಳೂ ಅದೇ. ಎರಡರ ಬಣ್ಣ ಒಂದೇ, ಹಾಗಾಗಿ ಬರೀ ಕಣ್ಣಿಂದ ಹೇಳಲು ಬರುವುದಿಲ್ಲ. ಹೀಗೆ ಮಾಡಿ. ಹಳೆಯ ಬಿಳಿ ಬನಿಯನ್ ಬಟ್ಟೆಗೆ ಸೀಮೆಎಣ್ಣೆ ಹಾಕಿ ಒಂದು ಕಡೆ ಒತ್ತಿ ಹಿಡಿದು ಒರೆಸಿ. ಸೀಮೆಎಣ್ಣೆ ಈಗ ಸಿಗುವುದು ಕಷ್ಟ, ಪೇಂಟ್ ಅಂಗಡಿಯ ಟರ್ಪೆಂಟೈನ್ ಆದರೂ ಆದೀತು. ಹತ್ತಿರ ಬೆಂಕಿ, ಬೀಡಿ ಯಾವುದೂ ಬೇಡ. ಬಟ್ಟೆಗೆ ಡಿಕಾಕ್ಷನ್ ಬಣ್ಣ ಹತ್ತಿದರೆ ಅದು ಡಾಂಬರು. ಏನೂ ಕರಗದೆ ಕೆಂಪು ಹಾಗೇ ನಿಂತರೆ ಅದು ಪ್ರೈಮರ್.

ಬಳ್ಳಾರಿ ಅಂಬಿ

ಅಕ್ಕ, ಅಣ್ಣ, ಇಬ್ಬರಿಗೂ ತುಂಬಾ ಧನ್ಯವಾದ. ಭಾನುವಾರ ಪೂರ್ತಿ ಕಾರಿನ ಕೆಳಗೇ ಇದ್ದೆ. ನೋಡಿದ್ದನ್ನು ಹಾಗೇ ಬರೆಯುತ್ತೇನೆ.

ಡ್ರೈವರ್ ಸೀಟಿನ ಕೆಳಭಾಗದಲ್ಲಿ ಬ್ರೇಕ್ ಪೈಪಿನ ಒಂದು ಕ್ಲಿಪ್ ಬಿಚ್ಚಿದೆ. ಅದರ ಹಿಂದೆ ಹೆಬ್ಬೆರಳ ಉಗುರಿನಷ್ಟು ಜಾಗ ಕಪ್ಪಗೆ ಉಳಿದಿದೆ. ಸುತ್ತ ಎಲ್ಲ ಇಟ್ಟಿಗೆ ಕೆಂಪು, ಮಧ್ಯೆ ಕ್ಲಿಪ್ಪಿನ ಆಕಾರದ ಕಪ್ಪು ಚೌಕ. ಕೂದಲಿನ ಕಪ್ಪಲ್ಲ, ಸ್ವಲ್ಪ ಕಂದಿಗೆ ತಿರುಗಿದ ಕಪ್ಪು. ಹೊಳಪೇ ಇಲ್ಲ. ಅದನ್ನು ನೋಡಿ ಸ್ವಲ್ಪ ಹೊತ್ತು ಹಾಗೇ ಮಲಗಿದ್ದೆ. ಅಪ್ಪ ಈ ಕಾರನ್ನು ಮನೆಗೆ ತಂದ ದಿನದ ಬಣ್ಣ ಅದು, ನಾನಾಗ ಹುಟ್ಟಿರಲೇ ಇಲ್ಲ.

ಬಟ್ಟೆ ಪರೀಕ್ಷೆಯಲ್ಲಿ ಹೆಚ್ಚಿನ ಕಡೆ ಡಿಕಾಕ್ಷನ್ ಬಣ್ಣವೇ ಬಂತು, ಜೊತೆಗೆ ಕೆಂಪು ಮಣ್ಣು. ಒದ್ದೆ ಮಾಡಿ ಒಂದು ಸಣ್ಣ ಚೂರು ಬ್ಲೇಡಿನಿಂದ ಅಡ್ಡ ಕೊಯ್ದೆ. ಪಕ್ಕದ ಮನೆಯ ಅಕ್ಕಸಾಲಿಗರ ಹತ್ತಿರ ಭೂತಗನ್ನಡಿ ಇಸಿದುಕೊಂಡು ನೋಡಿದೆ. ಮೇಲೆ ಕಾಗದದಷ್ಟು ತೆಳು ಕೆಂಪು. ಅದರ ಕೆಳಗೆ ಕಪ್ಪಿನೊಳಗೆ ಅಲ್ಲಲ್ಲಿ ಕೆಂಪು ಕಣ ಹೂತಿವೆ, ಥೇಟ್ ಅಕ್ಕ ಹೇಳಿದ ಹಾಗೆ. ಇನ್ನೂ ಕೆಳಗೆ ಬರೀ ಕಪ್ಪು. ಆ ಕಪ್ಪಿನಲ್ಲಿ ಕೂದಲಿಗಿಂತ ಸಣ್ಣ ಬಿಳಿ ನಾರು ಕಂಡವು.

ಆದರೆ ಡಿಕ್ಕಿಯ ತಳದಲ್ಲಿ ಒಂದು ಅಂಗೈ ಅಗಲದ ಜಾಗ ಮಾತ್ರ ಬೇರೆ. ಅಲ್ಲಿ ಕೆಂಪು ಕರಗಲೇ ಇಲ್ಲ. ಹತ್ತಿರದಿಂದ ನೋಡಿದರೆ ಬ್ರಶ್ಶಿನ ಗೆರೆಗಳಿವೆ, ಕೆಳಗೆ ಹಳೆಯ ವೆಲ್ಡಿಂಗ್ ಉಬ್ಬು ಇದೆ. ಇದು ಏನು?

ಕೊಪ್ಪಳ ಗ್ಯಾರೇಜ್

ಅದು ಹಿಂದೆ ಯಾರೋ ಮಾಡಿದ ರಿಪೇರಿ. ವೆಲ್ಡ್ ಮಾಡಿ, ಬ್ರಶ್ಶಿನಲ್ಲಿ ರೆಡ್ ಆಕ್ಸೈಡ್ ಬಳಿದು ಕೈಬಿಟ್ಟಿದ್ದಾರೆ, ಮೇಲೆ ಕೋಟಿಂಗ್ ಹೊಡೆದಿಲ್ಲ. ನೀನು ಮೊದಲು ಕೆತ್ತಿದ ಚೂರು ಅಲ್ಲಿಯದೇ ಆಗಿದ್ದರೆ ಅಂಗಡಿಯವರು ಮ್ಯಾಚ್ ಮಾಡಿದ್ದು ಪ್ರೈಮರಿನ ಬಣ್ಣವನ್ನು.

ನಾರು ಕಂಡವು ಅಂದೆಯಲ್ಲ, ಇನ್ನು ಕೊಯ್ಯಬೇಡ. ಅದು ಆಸ್ಬೆಸ್ಟಸ್ ಹೌದೋ ಅಲ್ಲವೋ ಭೂತಗನ್ನಡಿಯಲ್ಲಿ ಗೊತ್ತಾಗುವುದಿಲ್ಲ. ಹೌದು ಅಂತಲೇ ತಿಳಿದು ನಡೆ. ಆ ಚೂರನ್ನು ಒದ್ದೆಯಾಗಿಯೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿಡು. ಕೆಳಗೆ ಬಿದ್ದ ಪುಡಿ ಗುಡಿಸಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆಯನ್ನೂ ಅದೇ ಚೀಲಕ್ಕೆ ಹಾಕು. ಮಕ್ಕಳನ್ನು ಶೆಡ್ಡಿಗೆ ಬಿಡಬೇಡ. ಗಟ್ಟಿಯಾಗಿ ಕೂತಿರುವ ಹಳೆಯ ಕೋಟಿಂಗ್ ಹಾಗೇ ಇರಲಿ, ಕದಡದಿದ್ದರೆ ಅದರಿಂದ ತೊಂದರೆ ಇಲ್ಲ. ನೀನು ತೆಗೆಸದೆ ಬಿಟ್ಟದ್ದು ಒಳ್ಳೆಯದೇ ಆಯಿತು.

ಈಗ ಕೆಲಸ. ನೇರಳೆ ಬಣ್ಣ ಹೊಡೆದ ಜಾಗವನ್ನು ಟರ್ಪೆಂಟೈನ್ ಬಟ್ಟೆಯಿಂದ ನೆನೆಸಿ ನೆನೆಸಿ ಎತ್ತಿ ತೆಗೆ, ಹೀಟ್ ಗನ್ ಬೇಡ. ಪೆಟ್ರೋಲ್ ಟ್ಯಾಂಕ್ ಹತ್ತಿರ ಬೆಂಕಿ ಬಿಸಿ ಯಾವುದೂ ಬೇಡ. ಹೊಸ ತಗಡು ಪೂರ್ತಿ ಬರಿದಾಗಲಿ. ಅದಕ್ಕೆ ಪ್ರೈಮರ್ ಹೊಡೆಸು, ರೆಡ್ ಆಕ್ಸೈಡ್ ಅಲ್ಲಿ ಸರಿ. ವೆಲ್ಡಿಂಗ್ ಜೋಡಣೆಗಳಿಗೆ ಸೀಲರ್ ತುಂಬು. ಪೂರ್ತಿ ಒಣಗಿದ ಮೇಲೆ ಡಾಂಬರು ಜಾತಿಯ ಅಂಡರ್ ಕೋಟಿಂಗ್. ರಬ್ಬರ್ ಜಾತಿಯದು ಒಳ್ಳೆಯದೇ, ಆದರೆ ಅದರ ಕಪ್ಪು ಕಡು ಕಪ್ಪು, ಸ್ವಲ್ಪ ಮಿರುಗುತ್ತದೆ. ಹಳೆಯದರ ಪಕ್ಕ ಎದ್ದು ಕಾಣುತ್ತದೆ.

ಹೊಸದು ಹಳೆಯದರ ಮೇಲೆ ಎರಡು ಬೆರಳಷ್ಟು ಹತ್ತಲಿ. ಥಿನ್ನರಿಗೆ ಕರಗಿ ನಿನ್ನ ಬಣ್ಣ ಕೆಡಿಸಿದ ಅದೇ ಗುಣ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹೊಸ ಡಾಂಬರು ಹಳೆಯದರ ಅಂಚನ್ನು ಮೆತ್ತಗೆ ಮಾಡಿ ಅದರೊಂದಿಗೆ ಬೆಸೆದುಕೊಳ್ಳುತ್ತದೆ.

ಪದ್ಮಿನಿ ರಾಯಚೂರು

ಇದಕ್ಕೆ ನನ್ನದೊಂದು ಮಾತು ಸೇರಿಸುತ್ತೇನೆ. ನೇರ ಕಾರಿಗೆ ಹೊಡೆಸಬೇಡಿ. ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಮೂರು ತುಂಡು ಮಾಡಿಕೊಳ್ಳಿ. ಮೂರಕ್ಕೂ ಪ್ರೈಮರ್ ಹೊಡೆದು, ಒಂದಕ್ಕೆ ಮುಕ್ಕಾಲು ಅಡಿ ದೂರದಿಂದ, ಒಂದಕ್ಕೆ ಒಂದು ಅಡಿಯಿಂದ, ಇನ್ನೊಂದಕ್ಕೆ ಒಂದೂವರೆ ಅಡಿಯಿಂದ ಅಂಡರ್ ಕೋಟಿಂಗ್ ಗನ್ ಹಿಡಿದು ಹೊಡೆಸಿ. ಗಾಳಿಯ ಒತ್ತಡ ಮೂರಕ್ಕೂ ಒಂದೇ ಇರಲಿ. ಹತ್ತಿರದಿಂದ ಹೊಡೆದದ್ದು ನಯವಾಗಿ ಹರಡಿ ಮಿಂಚುತ್ತದೆ. ದೂರದಿಂದ ಹೊಡೆದದ್ದು ಅರ್ಧ ಒಣಗಿ ಬೀಳುತ್ತದೆ, ಕಾಳು ಕಾಳಾಗಿ ಕೂರುತ್ತದೆ, ಹೊಳಪು ಕಡಿಮೆ. ಕಣ್ಣಿಗೆ ಬಣ್ಣ ಬೇರೆ ಅನ್ನಿಸುವುದು ಎಷ್ಟೋ ಸಲ ಈ ಕಾಳಿನ ವ್ಯತ್ಯಾಸದಿಂದಲೇ.

ಹೊಡೆದ ತಕ್ಷಣ ನೋಡಬೇಡಿ, ಒದ್ದೆ ಇದ್ದಾಗ ಎಲ್ಲವೂ ಕಡು ಕಪ್ಪೇ. ಎರಡು ದಿನ ಬಿಡಿ. ಆಮೇಲೆ ಬೆಳಗ್ಗೆ ಹತ್ತು ಗಂಟೆ ಹೊತ್ತಿಗೆ, ನೆರಳಿನಲ್ಲಿ, ಆ ಕ್ಲಿಪ್ಪಿನ ಚೌಕದ ಪಕ್ಕ ಹಿಡಿದು ನೋಡಿ. ಆ ಚೌಕವನ್ನು ಸೀಮೆಎಣ್ಣೆಯಿಂದ ಒರೆಸಬೇಡಿ, ಮೇಲ್ಪದರ ಕರಗಿ ಹೊಳಪು ಬಂದುಬಿಡುತ್ತದೆ. ಸೋಪಿನ ನೀರು ಸಾಕು.

ಗಂಗಾವತಿ ಜೀಪ್

ನಾನು ಅವಸರದಲ್ಲಿ ಹೇಳಿದ್ದೆ ಅಣ್ಣ, ತಿದ್ದಿದ್ದಕ್ಕೆ ಖುಷಿ ಆಯಿತು. ಒಂದು ಕೇಳುತ್ತೇನೆ. ಹೊಸ ಜಾಗ ಕಪ್ಪು, ಉಳಿದದ್ದು ಕೆಂಪು ಕೂತ ಕಪ್ಪು. ತೇಪೆ ಹಾಕಿದ ಹಾಗೆ ಕಾಣುವುದಿಲ್ಲವಾ?

ಕೊಪ್ಪಳ ಗ್ಯಾರೇಜ್

ಕಾಣುತ್ತದೆ. ಸೋಪು ಹಾಕಿ ನೈಲಾನ್ ಬ್ರಶ್ಶಿನಲ್ಲಿ ಒದ್ದೆಯಾಗಿ ಮೆತ್ತಗೆ ತಿಕ್ಕಿದರೆ ಮೇಲಿನ ಕೆಂಪು ಅರ್ಧ ಹೋಗುತ್ತದೆ. ಹೂತಿರುವುದು ಹೋಗುವುದಿಲ್ಲ, ಹೋಗಲಿ ಅಂತ ಕೆರೆಯಲೂ ಬಾರದು. ಹೊಸದಕ್ಕೆ ಕೆಂಪು ಬಣ್ಣ ಊದಿ ಹಳೆಯದರ ಹಾಗೆ ಮಾಡುವವರಿದ್ದಾರೆ. ನನಗೆ ಅದು ಇಷ್ಟವಿಲ್ಲ. ಧೂಳು ತಾನಾಗಿ ಬಂದು ಕೂತರೆ ಅದು ಗಾಡಿಯ ವಯಸ್ಸು, ನಾವು ಊದಿದರೆ ಸುಳ್ಳು. ಹೊಸ ಡಾಂಬರು ಒಂದು ಬೇಸಿಗೆ ನಿಮ್ಮ ಬಳ್ಳಾರಿ ರಸ್ತೆಯಲ್ಲಿ ಓಡಲಿ.

ಹೊಡೆಸುವಾಗ ಬಾಗಿಲ ಕೆಳಗಿನ ನೀರು ಇಳಿಯುವ ತೂತುಗಳಿಗೆ ಬೆಣೆ ಇಡು, ಆಮೇಲೆ ಮರೆಯದೆ ತೆಗೆ. ಆ ತೂತು ಮುಚ್ಚಿಯೇ ನಿನ್ನ ತಗಡು ಒಳಗಿಂದ ಕೊಳೆತಿರಬಹುದು. ಸೈಲೆನ್ಸರ್, ಹ್ಯಾಂಡ್ ಬ್ರೇಕ್ ಕೇಬಲ್, ಬ್ರೇಕ್ ಹೋಸ್, ಹಿಂದಿನ ಪಾಟಾ (ಸ್ಪ್ರಿಂಗ್ ಪಟ್ಟಿ), ಗ್ರೀಸ್ ನಿಪ್ಪಲ್ ಎಲ್ಲದಕ್ಕೂ ಪೇಪರ್ ಸುತ್ತಿಸು.

ಬಳ್ಳಾರಿ ಅಂಬಿ

ಮೂರು ವಾರ ಆಯಿತು, ಕೆಲಸ ಮುಗಿಯಿತು. ಮೂರು ತುಂಡಿನಲ್ಲಿ ಒಂದೂವರೆ ಅಡಿಯಿಂದ ಹೊಡೆದದ್ದೇ ಹೊಂದಿತು. ಎರಡು ತೆಳು ಕೋಟ್, ನಡುವೆ ಒಂದು ದಿನ ಒಣಗಲು ಬಿಟ್ಟೆವು. ಕಲೆ ಏಳಲಿಲ್ಲ. ಅಂಚು ಎಲ್ಲಿದೆ ಅಂತ ಬೆರಳಿನಿಂದ ಸವರಿ ನೋಡಿದರೂ ಗೊತ್ತಾಗುತ್ತಿಲ್ಲ. ಕಣ್ಣಿಗೆ ಮಾತ್ರ ಗೊತ್ತಾಗುತ್ತದೆ, ಒಂದು ಕಡೆ ಕಪ್ಪು, ಒಂದು ಕಡೆ ಕೆಂಪು. ಅಣ್ಣ ಹೇಳಿದ ಹಾಗೆ ಹಾಗೇ ಬಿಟ್ಟಿದ್ದೇನೆ.

ಡಿಕ್ಕಿ ತಳದ ಆ ಹಳೆಯ ವೆಲ್ಡಿಂಗ್ ಯಾರದು ಅಂತ ಅಮ್ಮನನ್ನು ಕೇಳಿದೆ. ಒಮ್ಮೆ ಸಂಡೂರು ಘಾಟಿನಲ್ಲಿ ಕಲ್ಲು ಬಡಿದು ತಳ ಹರಿದಿತ್ತಂತೆ. ವೆಲ್ಡಿಂಗ್ ಮಾಡಿಸಿಕೊಂಡು ಬಂದು, ರೆಡ್ ಆಕ್ಸೈಡ್ ಅನ್ನು ಅಪ್ಪನೇ ಅಂಗಳದಲ್ಲಿ ಗೋಣಿಚೀಲ ಹಾಸಿಕೊಂಡು ಮಲಗಿ ಬಳಿದರಂತೆ. ಅದರ ಮೇಲೆ ಕೋಟಿಂಗ್ ಹೊಡೆಸದಿದ್ದರೆ ತುಕ್ಕು ಹಿಡಿಯುತ್ತದೆ, ಹಾಗಾಗಿ ಹೊಡೆಸಿದೆ. ಹೊಡೆಸುವ ಮುಂಚೆ ಆ ಬ್ರಶ್ಶಿನ ಗೆರೆಗಳ ಫೋಟೊ ತೆಗೆದುಕೊಂಡಿದ್ದೇನೆ.

ಬ್ರೇಕ್ ಪೈಪ್ ಕ್ಲಿಪ್ಪಿನ ಹಿಂದಿನ ಚೌಕವನ್ನು ಮಾತ್ರ ಮುಟ್ಟಿಲ್ಲ. ಅದಕ್ಕೆ ಟೇಪ್ ಅಂಟಿಸಿ ಸ್ಪ್ರೇ ಮಾಡಿಸಿದೆ, ಆಮೇಲೆ ಟೇಪ್ ಕಿತ್ತು ಅದೇ ಹಳೆಯ ಕ್ಲಿಪ್ ಕೂರಿಸಿದೆ. ಮ್ಯಾಚ್ ಆದ ಎಣ್ಣೆ ಡಬ್ಬಿ ತಗಡಿನ ಹಿಂದೆ ದೂರ, ಒತ್ತಡ, ತಾರೀಖು ಬರೆದು ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಇಟ್ಟಿದ್ದೇನೆ.