ಚಿಕ್ಕಮ್ಮನ ಮಿಕ್ಸಿಗೆ ಅಂಗಡಿಯವರೇ ಉತ್ತರ ಕೊಡಬೇಕು

ಚಿಕ್ಕಮ್ಮ, ನೀವು ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ ಮಿಕ್ಸಿ ಬಿಲ್ಲಿನ ಫೋಟೊ ನೋಡಿದೆ. ಅದರ ಕೆಳಗೆ ಚಿಕ್ಕಪ್ಪ "ಹೋಗಲಿ ಬಿಡು, ನಮ್ಮ ಗ್ರಹಚಾರ" ಎಂದು ಬರೆದದ್ದನ್ನೂ ನೋಡಿದೆ. ಇದರಲ್ಲಿ ಗ್ರಹಚಾರ ಎಲ್ಲಿಂದ ಬಂತು ಚಿಕ್ಕಪ್ಪ? ಮೈಸೂರಿನಿಂದ ಹೊಸ ಮಿಕ್ಸಿ ತಂದು ಎರಡು ವಾರವೂ ಆಗಿಲ್ಲ. ಚಟ್ನಿಗೆ ಕಾಯಿ ಹಾಕಿ ತಿರುಗಿಸಿದರೆ ಜಾರಿನ ಬುಡದಿಂದ ನೀರು ಸೋರಿ ಮೋಟಾರಿಗೆ ಇಳಿಯುತ್ತದೆ, ಸುಟ್ಟ ವಾಸನೆ ಬರುತ್ತದೆ ಎಂದರೆ ಅದು ದೋಷವಿರುವ ಸರಕು. ಅದನ್ನು ಚೀಲದಲ್ಲಿ ಹೊತ್ತುಕೊಂಡು ಮಂಡ್ಯದಿಂದ ಬಸ್ಸಿನಲ್ಲಿ ಹೋದವರಿಗೆ, ಬಿಲ್ಲಿನ ಮೇಲಿನ ನೇರಳೆ ಶಾಯಿಯ ಮೊಹರು ತೋರಿಸಿ ವಾಪಸ್ ಕಳುಹಿಸಿದ್ದಾರಲ್ಲ, ಓದಿ ಮೈ ಉರಿಯಿತು.

"ಒಮ್ಮೆ ಮಾರಿದ ಮಾಲನ್ನು ಹಿಂದಕ್ಕೆ ಪಡೆಯುವುದಿಲ್ಲ" ಎಂದು ಮೊಹರು ಒತ್ತಿದ ಮಾತ್ರಕ್ಕೆ ಅದು ಕಾನೂನಾಗುವುದಿಲ್ಲ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ 2020ರ ಜುಲೈಯಿಂದ ಜಾರಿಯಲ್ಲಿದೆ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿಯೇ ಹೇಳಿಲ್ಲದಿದ್ದರೆ 30 ದಿನಗಳೊಳಗೆ, ವಾಪಸ್ ಪಡೆದು ಹಣ ಕೊಡಲು ಒಪ್ಪದಿರುವುದನ್ನು ಅದು ಅನುಚಿತ ವ್ಯಾಪಾರ ಪದ್ಧತಿ ಎಂದೇ ಕರೆಯುತ್ತದೆ. ಬಿಲ್ಲು ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ನಿಮ್ಮ 30 ದಿನ ಇನ್ನೂ ಮುಗಿದಿಲ್ಲ, ಆದ್ದರಿಂದ ತಡ ಮಾಡುವುದು ಬೇಡ.

ಸೀರೆಯನ್ನೂ ಹೀಗೇ ಬದಲಿಸಿಕೊಳ್ಳಬಹುದೇ ಎಂದು ಅಕ್ಕ ಕೇಳಿದ ಪ್ರಶ್ನೆ ಬೇರೆ. ಮನೆಗೆ ಬಂದ ಮೇಲೆ ಬಣ್ಣ ಹಿಡಿಸಲಿಲ್ಲ ಎಂದರೆ ಬದಲಿಸಿ ಕೊಡುವುದು ಅಂಗಡಿಯವರ ಸೌಜನ್ಯ. ಅಲ್ಲಿ ಜಗಳಕ್ಕೆ ನಿಲ್ಲುವುದು ನ್ಯಾಯವಲ್ಲ.

"ನಾವು ಮಾರುವವರಷ್ಟೇ, ಕಂಪನಿಯವರನ್ನು ಕೇಳಿ" ಎಂದರಂತೆ. ಹಣ ಎಣಿಸಿಕೊಂಡವರು ಅವರು. ದೂರನ್ನು ಅಂಗಡಿ ಮತ್ತು ಕಂಪನಿ ಇಬ್ಬರ ಮೇಲೂ ಕೊಡಬಹುದು. ರಿಪೇರಿಯಾದರೆ ಸಾಕು ಎನಿಸಿದರೆ ವಾರಂಟಿ ಕಾರ್ಡ್ ಹಿಡಿದು ಸರ್ವೀಸ್ ಸೆಂಟರ್‌ಗೆ ಹೋಗಬಹುದು, ಆದರೆ ಮಿಕ್ಸಿ ಕೊಟ್ಟದ್ದಕ್ಕೆ ದಿನಾಂಕವಿರುವ ಚೀಟಿ ಪಡೆಯದೆ ಬರಬೇಡಿ. ದಯವಿಟ್ಟು ನಮ್ಮ ಬೀದಿಯ ಮೆಕ್ಯಾನಿಕ್ ಕೈಯಲ್ಲಿ ಅದನ್ನು ಬಿಚ್ಚಿಸಬೇಡಿ. ಆಮೇಲೆ "ನೀವೇ ಕೆಡಿಸಿದಿರಿ" ಎನ್ನಲು ಅವರಿಗೆ ಒಂದು ನೆಪ ಸಿಗುತ್ತದೆ. ಮೂಲ ಬಿಲ್ಲನ್ನೂ ಯಾರ ಕೈಗೂ ಕೊಡಬೇಡಿ, ಜೆರಾಕ್ಸ್ ಕೊಟ್ಟರೆ ಸಾಕು. ನೀರು ಸೋರುವುದು ಕಾಣುವ ಹಾಗೆ ಒಂದು ಸಣ್ಣ ವಿಡಿಯೊ ಮಾಡಿಟ್ಟುಕೊಳ್ಳಿ.

ಮೊದಲು ಅಂಗಡಿಗೆ ಒಂದು ಪತ್ರ ಹೋಗಬೇಕು. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ನಾಳೆ ಸಾಕ್ಷಿ ಇರುವುದಿಲ್ಲ. ಏನು ಕೊಂಡಿರಿ, ಯಾವಾಗ, ಎಷ್ಟು ಕೊಟ್ಟಿರಿ, ಏನು ದೋಷ, ಹಣ ಬೇಕೋ ಬೇರೆ ಮಿಕ್ಸಿ ಬೇಕೋ, ಇಷ್ಟಿದ್ದರೆ ಸಾಕು. ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳೋಣ. ಜೊತೆಗೇ 1915ಕ್ಕೆ ಕರೆ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತನಾಡಬಹುದು. ದೂರನ್ನು ದಾಖಲಿಸಿಕೊಂಡು ಕಂಪನಿಗೆ ಕಳುಹಿಸುತ್ತಾರೆ.

ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. "ಕೋರ್ಟು ಕಚೇರಿ ಅಲೆಯುವವರು ಯಾರು, ಅದೂ ಮೈಸೂರಿಗೆ" ಎಂದು ಚಿಕ್ಕಪ್ಪ ಹಿಂಜರಿಯುತ್ತಾರೆ ಎಂದು ಗೊತ್ತು. ಅಂಗಡಿ ಮೈಸೂರಿನಲ್ಲಿದ್ದರೂ ನೀವು ವಾಸವಿರುವ ಮಂಡ್ಯದ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ದಾಟದಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದೂ ಇಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ಸರಕು ಬದಲಿಸಿಕೊಡಿ, ಹಣ ಹಿಂದಿರುಗಿಸಿ, ಜೊತೆಗೆ ಪರಿಹಾರವನ್ನೂ ಕೊಡಿ ಎಂದು ಆದೇಶಿಸುವ ಅಧಿಕಾರ ಆಯೋಗಕ್ಕಿದೆ.

ಪತ್ರವನ್ನು ನಾನೇ ಬರೆದು ಕಳುಹಿಸುತ್ತೇನೆ. ಬಿಲ್ಲಿನ ಹಿಂಬದಿಯ ಫೋಟೊವನ್ನೂ ವಾರಂಟಿ ಕಾರ್ಡಿನ ಫೋಟೊವನ್ನೂ ಇವತ್ತು ರಾತ್ರಿಯೇ ಹಾಕಿ ಚಿಕ್ಕಮ್ಮ. ಪತ್ರಕ್ಕೆ ಸಹಿ ಮಾತ್ರ ನಿಮ್ಮದೇ ಇರಬೇಕು, ಬಿಲ್ಲು ನಿಮ್ಮ ಹೆಸರಿನಲ್ಲಿದೆ.