ಸಣ್ಣ ಕಾರಿಗೆ ಹಿಚ್, ಟ್ರೇಲರಿಗೆ ಲೈಟು: ಮಾಡಿ ಗೊತ್ತಿರೋರು ಹೇಳಿ

ಕೇಳಿದ್ದು, ನ್ಯೂಜೆರ್ಸಿಯಿಂದ:
ಕಾರು ಸಣ್ಣ ಹ್ಯಾಚ್‌ಬ್ಯಾಕ್. ಟ್ರೇಲರ್ 4×8 ಅಡಿಯ ಮಡಚುವಂಥದ್ದು, ಖಾಲಿ ತೂಕ ಸುಮಾರು 300 ಪೌಂಡ್. ತೋಟಕ್ಕೆ ಮಣ್ಣು ತರೋದು, ರಾಜ್ಯೋತ್ಸವಕ್ಕೆ ಕನ್ನಡ ಕೂಟದ ಸ್ಪೀಕರು, ಮೇಜು ಸಾಗಿಸೋದು, ಅಷ್ಟೇ ಕೆಲಸ. ಹಿಚ್, ಅಂದರೆ ಟ್ರೇಲರ್ ಸಿಕ್ಕಿಸೋಕೆ ಕಾರಿನ ಹಿಂದೆ ಅಡಿಗೆ ಬೋಲ್ಟ್ ಹಾಕೋ ಕೊಂಡಿ, ಮನೆಯಲ್ಲೇ ಕೂರಿಸಬಹುದಾ? ಟ್ರೇಲರಿನದು ನಾಲ್ಕು ವೈರಿನ ಚಪ್ಪಟೆ ಪ್ಲಗ್. ಕಾರಿನಲ್ಲಿ ಇಂಡಿಕೇಟರ್ ಹಳದಿ, ಬ್ರೇಕ್ ಲೈಟ್ ಕೆಂಪು, ಬೇರೆ ಬೇರೆ ಬಲ್ಬು. ವೈರಿಗೆ ವೈರು ಸೇರಿಸಿದರೆ ಸಾಕಲ್ವಾ?

ಟೆಕ್ಸಾಸಿನಿಂದ:
ವೈರಿಂಗ್ ಆಮೇಲೆ. ಮೊದಲು ಕಾರಿನ ಮ್ಯಾನ್ಯುಯಲ್ ತೆಗೆದು ಎಳೆಯೋ ಮಿತಿ ಎಷ್ಟು ನೋಡಿ. ಅಮೆರಿಕದಲ್ಲಿ ಮಾರುವ ಸಣ್ಣ ಕಾರುಗಳಿಗೆ ಎಷ್ಟೋ ಸಲ ಟ್ರೇಲರ್ ಎಳೆಯಬೇಡಿ ಅಂತಲೇ ಬರೆದಿರುತ್ತೆ. ಹಾಗಿದ್ದರೆ ಇಲ್ಲಿಗೇ ನಿಲ್ಲಿಸಿ. ನಿಮ್ಮ ಕಾರಿಗೆ ಹಿಚ್ ಸಿಗುತ್ತೆ ಅನ್ನೋದು ಲೆಕ್ಕಕ್ಕಿಲ್ಲ, ಅದೇ ಹಿಚ್ಚನ್ನು ಸೈಕಲ್ ಸ್ಟ್ಯಾಂಡ್ ಹಾಕೋರಿಗೂ ಮಾರ್ತಾರೆ. ಕ್ಲಾಸ್ 1 ಹಿಚ್ ಅಂದರೆ 1-1/4 ಇಂಚಿನ ಚೌಕ ಬಾಯಿ, ಟ್ರೇಲರ್ ಸರಕು ಸೇರಿ 2,000 ಪೌಂಡ್, ಮೂತಿ ಭಾರ (ಟ್ರೇಲರಿನ ಮುಂದಿನ ತುದಿ ಹಿಚ್ಚಿನ ಮೇಲೆ ಒತ್ತುವ ತೂಕ) 200 ಪೌಂಡ್. ಅದು ಹಿಚ್ಚಿನ ತಾಕತ್ತು, ಕಾರಿನದಲ್ಲ. ಕಾರು, ಹಿಚ್, ಬಾಲ್ (ಟ್ರೇಲರ್ ಕೂರುವ ಹಿಚ್ಚಿನ ಗುಂಡು), ಟೈರು, ಇವುಗಳಲ್ಲಿ ಯಾವುದರ ಅಂಕಿ ಕಡಿಮೆಯೋ ಅದೇ ನಿಮ್ಮ ಮಿತಿ.

ಮಣ್ಣು ಅಂದಿರಲ್ಲ, ಅಲ್ಲೇ ಎಡವೋದು. 4×8ರ ತೊಟ್ಟಿಗೆ 10 ಇಂಚು ಎತ್ತರ ತುಂಬಿದರೆ ಹತ್ತಿರ ಹತ್ತಿರ ಒಂದು ಕ್ಯೂಬಿಕ್ ಯಾರ್ಡ್. ಮಣ್ಣಾದರೆ ಅದೇ 2,000 ಪೌಂಡ್ ದಾಟುತ್ತೆ. ಕಣ್ಣಿಗೆ ಅರ್ಧ ಖಾಲಿ ಕಂಡರೂ ಕಾರಿಗೆ ಹೊರಲಾರದ ಹೊರೆ.

ಮೂತಿ ಮೇಲೆ ಒಟ್ಟು ತೂಕದ 10ರಿಂದ 15 ಶೇಕಡಾ ಕೂರಬೇಕು. 800 ಪೌಂಡಿಗೆ 80ರಿಂದ 120. ಎತ್ತಿನ ಗಾಡಿಗೆ ಹಿಂಭಾರ ಆದರೆ ಮೂಕಿ ಏಳುತ್ತಲ್ಲ, ಇಲ್ಲಿ ಹಾಗಾದರೆ ಟ್ರೇಲರ್ ಹಾವಿನ ಹಾಗೆ ಅತ್ತಿತ್ತ ಬಳುಕೋಕೆ ಶುರು. ಮನೆಯ ತೂಕದ ಯಂತ್ರದ ಮೇಲೆ ಮರದ ತುಂಡು ನಿಲ್ಲಿಸಿ, ಹಿಚ್ಚಿನ ಎತ್ತರಕ್ಕೇ ಕಪ್ಲರನ್ನು (ಮೂತಿಯ ತುದಿಯಲ್ಲಿ ಬಾಲನ್ನು ಹಿಡಿಯೋ ಬಟ್ಟಲು) ಅದರ ಮೇಲೆ ಕೂರಿಸಿದರೆ ಮೂತಿ ಭಾರ ಗೊತ್ತಾಗುತ್ತೆ.

ಮಿಷಿಗನ್ನಿಂದ:
ಹಿಚ್ ಮನೆಯಲ್ಲೇ ಆಗುತ್ತೆ, ಆದರೆ ಕಾರನ್ನು ಜಾಕ್ ಮೇಲೆ ಬಿಟ್ಟು ಕೆಳಗೆ ನುಗ್ಗಬೇಡಿ, ಸ್ಟ್ಯಾಂಡ್ ಕೊಡಿ. ಸೈಲೆನ್ಸರಿನ ರಬ್ಬರ್ ಹ್ಯಾಂಗರಿಗೆ ಸೋಪಿನ ನೀರು ಬಿಟ್ಟರೆ ಜಾರಿ ಬರುತ್ತೆ. ಪೈಪು ನೇತಾಡದ ಹಾಗೆ ಅಡಿಗೆ ಏನಾದರೂ ಆನಿಸಿ.

ನಿಜವಾದ ತಲೆನೋವು ಚಾಸಿಯೊಳಗೆ ವೆಲ್ಡ್ ಆಗಿರೋ ನಟ್‌ಗಳು. ಹಿಮಕ್ಕೆ ರಸ್ತೆಗೆ ಉಪ್ಪು ಹಾಕೋ ಊರುಗಳಲ್ಲಿ ಅವು ತುಕ್ಕು ಕಟ್ಟಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸೋ ಎಣ್ಣೆ ಹೊಡೆದು, ಬೆಳಿಗ್ಗೆ ಸಣ್ಣ ವೈರ್ ಬ್ರಷ್ ಆಡಿಸಿ, ಬೋಲ್ಟನ್ನು ಕೈಯಲ್ಲೇ ತಿರುಗಿಸಿ ನೋಡಿ. ಅರ್ಧಕ್ಕೆ ಬಿಗಿದರೆ ವಾಪಸ್ ಬಿಚ್ಚಿ, ಮತ್ತೆ ಎಣ್ಣೆ. ಇಂಪ್ಯಾಕ್ಟ್ ಗನ್ ಹಚ್ಚಿದರೆ ವೆಲ್ಡ್ ಕಿತ್ತು ನಟ್ ಒಳಗೇ ಗಿರಗಿರ ತಿರುಗುತ್ತೆ. ಆಮೇಲೆ ಚಾಸಿ ಕೊರೆಯೋದೊಂದೇ ದಾರಿ.

ನಟ್ ಇಲ್ಲದ ತೂತಿಗೆ ಬೋಲ್ಟನ್ನು ಒಳಗಿನಿಂದ ಎಳೀಬೇಕು. ಕಿಟ್ಟಿನಲ್ಲಿ ತುದಿ ಸುರುಳಿ ಸುತ್ತಿದ ತಂತಿ ಕೊಟ್ಟಿರುತ್ತಾರೆ. ತಂತಿಯನ್ನು ಬೋಲ್ಟಿನ ತೂತಿನಿಂದ ತೂರಿಸಿ ಪಕ್ಕದ ದೊಡ್ಡ ತೂತಿನಿಂದ ಹೊರಗೆ ತನ್ನಿ, ಚೌಕ ವಾಷರ್ ಪೋಣಿಸಿ, ಸುರುಳಿಗೆ ಬೋಲ್ಟ್ ತಿರುಗಿಸಿ, ಎರಡನ್ನೂ ಒಳಗೆ ತಳ್ಳಿ ನಿಧಾನ ಎಳೆಯಿರಿ. ತಂತಿ ಬಿಚ್ಚಿದ ಮೇಲೆ ಬೋಲ್ಟಿನ ತುದಿ ಒತ್ತಬೇಡಿ, ಒಳಗೆ ಬಿದ್ದರೆ ಮತ್ತೆ ಮೊದಲಿನಿಂದ. ಕೊನೆಗೆ ಟಾರ್ಕ್ ಪಾನಾದಿಂದ, ಕಿಟ್ಟಿನ ಹಾಳೆಯಲ್ಲಿರೋ ಅಂಕಿಗೇ ಬಿಗಿಯಿರಿ. ಅಂದಾಜು ಬೇಡ.

ಬಾಲ್ ಸೈಜು ಕಪ್ಲರಿನ ಮೇಲೇ ಅಚ್ಚೊತ್ತಿರುತ್ತೆ, 1-7/8 ಅಥವಾ 2 ಇಂಚು. 2 ಇಂಚಿನ ಕಪ್ಲರು 1-7/8ರ ಬಾಲಿನ ಮೇಲೂ ಕೂರುತ್ತೆ, ಲಾಕೂ ಬೀಳುತ್ತೆ. ಅದೇ ಅಪಾಯ, ಗುಂಡಿಗೆ ಬಿದ್ದಾಗ ಹಾರಿ ಬರುತ್ತೆ. ಲಾಕ್ ಹಾಕಿದ ಮೇಲೆ ಮೂತಿಯ ಜಾಕ್ ಎತ್ತಿ ನೋಡಿ. ಕಾರಿನ ಹಿಂಭಾಗವೂ ಜೊತೆಗೆ ಏಳಬೇಕು.

ನಾರ್ತ್ ಕೆರೊಲಿನಾದಿಂದ:
ವೈರಿಗೆ ವೈರು ಸೇರಿಸಿದರೆ ಸಾಕಾಗಲ್ಲ. ನಾಲ್ಕು ವೈರಿನ ಲೆಕ್ಕ ಇದು: ಬಿಳಿ ಅರ್ಥ್, ಕಂದು ಟೇಲ್ ಲೈಟ್, ಹಳದಿ ಎಡ, ಹಸಿರು ಬಲ. ಬ್ರೇಕಿಗೆ ಅಂತ ಬೇರೆ ವೈರೇ ಇಲ್ಲ. ಟ್ರೇಲರಿನಲ್ಲಿ ಬ್ರೇಕು, ಇಂಡಿಕೇಟರು ಎರಡೂ ಒಂದೇ ಫಿಲಮೆಂಟಿನಲ್ಲಿ. ನಿಮ್ಮ ಕಾರಿನಲ್ಲಿ ಎರಡೂ ಬೇರೆ. ಬ್ರೇಕ್ ವೈರನ್ನು ಎಡಕ್ಕೂ ಬಲಕ್ಕೂ ಗಂಟು ಹಾಕಿದರೆ ಎರಡೂ ಬದಿ ಒಂದಾಗಿ, ಎಡ ಇಂಡಿಕೇಟರ್ ಹಾಕಿದರೆ ನಾಲ್ಕೂ ಮೂಲೆ ಮಿನುಗುತ್ತೆ. ಬ್ರೇಕು, ಇಂಡಿಕೇಟರು ಎರಡರ ಸಂಕೇತವನ್ನೂ ಬದಿಗೊಂದೇ ವೈರಿಗೆ ಸೇರಿಸಿ ಕೊಡೋ ಕನ್ವರ್ಟರ್ ಪೆಟ್ಟಿಗೆ ಮಧ್ಯೆ ಬೇಕು.

ಬ್ಯಾಟರಿಯಿಂದ ನೇರ ಕರೆಂಟ್ ತಗೊಳ್ಳೋ ಕನ್ವರ್ಟರೇ ತಗೊಳ್ಳಿ. ಟ್ರೇಲರಿನ ಎರಡು ಫಿಲಮೆಂಟಿನ 1157 ನಂಬರಿನ ಬಲ್ಬ್ ಒಂದೊಂದೂ ಬ್ರೇಕಿಗೆ ಸುಮಾರು 2.1 ಆಂಪಿಯರ್ ಕುಡಿಯುತ್ತೆ, ಎರಡು ಬಲ್ಬಿಗೆ 4.2. ಈಗಿನ ಕಾರಿನ ಸಪೂರ ವೈರು, ಕಂಪ್ಯೂಟರು ಈ ಹೊರೆಗೆ ತಯಾರಿರಲ್ಲ. ಬ್ಯಾಟರಿಯ ಕನ್ವರ್ಟರ್ ಆದರೆ ಕಾರಿನ ವೈರಿನಿಂದ ಬರೀ ಸಂಕೇತ ಓದುತ್ತೆ. ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಹಿಡಿಕೆ ಇರಲಿ, ಕನ್ವರ್ಟರಿನ ಹಾಳೆ ಹೇಳಿದಷ್ಟೇ ಆಂಪಿಯರಿನದು. ಎಲ್ಲಾ ಮುಗಿಯೋವರೆಗೆ ಫ್ಯೂಸ್ ಹಾಕಬೇಡಿ. ವೈರು ಸೈಲೆನ್ಸರ್ ಪೈಪಿನಿಂದ ದೂರ ಹೋಗಲಿ.

ಕಾರಿನ ವೈರಿನ ಬಣ್ಣ ನಂಬಬೇಡಿ. ಡಿಕ್ಕಿಯ ಲೈನಿಂಗ್ ಸರಿಸಿ, ಒಬ್ಬರು ಬ್ರೇಕ್ ಒತ್ತಲಿ, ಇನ್ನೊಬ್ಬರು ಟೆಸ್ಟ್ ಲ್ಯಾಂಪಿನಲ್ಲಿ ಹುಡುಕಲಿ.

ಮಿಷಿಗನ್ನಿಂದ:
ಒಂದು ಮಾತು. ವೈರ್ ಕಚ್ಚಿ ಹಿಡಿಯೋ ನೀಲಿ ಕ್ಲಿಪ್ ಕಿಟ್ಟಿನಲ್ಲೇ ಬರುತ್ತೆ, ಬಿಸಾಕಿ. ತೇವ ನುಗ್ಗಿ ಹಸಿರು ಕಿಲುಬು ಕಟ್ಟುತ್ತೆ. ಬೆಸುಗೆ ಹಾಕಿ ಮೇಲೆ ಶ್ರಿಂಕ್ ಟ್ಯೂಬ್ ಎಳೆಯಿರಿ.

ನಾರ್ತ್ ಕೆರೊಲಿನಾದಿಂದ:
ಡಿಕ್ಕಿಯೊಳಗೆ ಒಣ ಜಾಗದಲ್ಲಿ ಕ್ಲಿಪ್ ನಡೆಯುತ್ತೆ, ವೈರಿನ ಗೇಜಿಗೆ ಸರಿಯಾದ್ದು ಹಾಕಿದರೆ. ಕಾರಿನ ಹೊರಗೆ ಖಂಡಿತ ಬೇಡ.

ಕೇಳಿದವರು:
ಕನ್ವರ್ಟರ್ ಹಾಕಿ ಆಯಿತು. ಟೇಲ್ ಲೈಟ್ ಸರಿ ಇದೆ. ಅದು ಉರೀತಿರುವಾಗ ಎಡ ಇಂಡಿಕೇಟರ್ ಹಾಕಿದರೆ ಬಲಗಡೆಯೂ ಮಂಕಾಗಿ ಮಿನುಗುತ್ತೆ. ಕನ್ವರ್ಟರ್ ಸುಟ್ಟಿತಾ?

ಟೆಕ್ಸಾಸಿನಿಂದ:
ಹತ್ತಕ್ಕೆ ಒಂಬತ್ತು ಸಲ ಬಿಳಿ ಅರ್ಥ್ ವೈರಿನದೇ ತೊಂದರೆ. ವಾಪಸ್ ಹೋಗೋಕೆ ದಾರಿ ಸಿಗದ ಕರೆಂಟು ಪಕ್ಕದ ಫಿಲಮೆಂಟ್ ಹಾದು ಹೋಗುತ್ತೆ, ಅದಕ್ಕೇ ಮಂಕು. ಒಂದು ಉದ್ದ ವೈರನ್ನು ಕಾರಿನ ಬರಿ ಲೋಹದಿಂದ ಟ್ರೇಲರ್ ಲೈಟಿನ ಬಿಳಿ ವೈರಿಗೆ ಮುಟ್ಟಿಸಿ. ಸರಿ ಹೋದರೆ ಕಳ್ಳ ಸಿಕ್ಕ. ನಿಮ್ಮದು ಮಡಚೋ ಟ್ರೇಲರು, ಹಿಂಜಿನ ಪಿನ್ನು ಅರ್ಥ್ ಒಯ್ಯುತ್ತೆ ಅಂತ ನೆಚ್ಚಬೇಡಿ. ಗ್ರೀಸ್ ಹಚ್ಚಿದ ಬಾಲ್ ಅಂತೂ ಲೆಕ್ಕಕ್ಕೇ ಇಲ್ಲ. ಎರಡೂ ಲೈಟಿನಿಂದ ಬಿಳಿ ವೈರನ್ನು ಪ್ಲಗ್ಗಿನವರೆಗೆ ಎಳೆಯಿರಿ. ಕಾರಿನ ಕಡೆ ಪೇಂಟ್ ಕೆರೆದು, ಹಲ್ಲಿನ ವಾಷರ್ ಕೊಟ್ಟು, ರಿಂಗ್ ಟರ್ಮಿನಲ್ ಬಿಗಿಯಿರಿ.

ಆಗಲೂ ಹೋಗದಿದ್ದರೆ ಟ್ರೇಲರನ್ನು ಕಾರಿನಿಂದ ಬಿಡಿಸಿ 12 ವೋಲ್ಟ್ ಬ್ಯಾಟರಿ ತನ್ನಿ. ನೆಗೆಟಿವ್ ಬಿಳಿಗೆ, ಪಾಸಿಟಿವ್ ಕಂದು, ಹಳದಿ, ಹಸಿರಿಗೆ ಒಂದೊಂದಾಗಿ. ಇಲ್ಲಿ ಸರಿಯಾಗಿ ಉರಿದರೆ ತಪ್ಪು ಕಾರಿನ ಕಡೆ.

ಕ್ಯಾಲಿಫೋರ್ನಿಯಾದಿಂದ:
ಟ್ರೇಲರನ್ನು ಕಾರಿಗೆ ಕಟ್ಟೋ ಸೇಫ್ಟಿ ಚೈನುಗಳನ್ನು ಮೂತಿಯ ಕೆಳಗೆ ಅಡ್ಡಡ್ಡ ಹಾಯಿಸಿ, ಕಪ್ಲರ್ ಕಳಚಿದರೂ ಮೂತಿ ನೆಲಕ್ಕೆ ಬೀಳದೆ ಚೈನಿನ ಮೇಲೆ ಕೂರುತ್ತೆ. ಪ್ಲಗ್ಗಿನ ವೈರಿಗೆ ತಿರುವಿನಲ್ಲಿ ಜಗ್ಗದಷ್ಟು ಸಡಿಲ ಬಿಡಿ, ನೆಲಕ್ಕೆ ಉಜ್ಜುವಷ್ಟಲ್ಲ. ನಮ್ಮ ಕಡೆ ಬಂದರೆ ಟ್ರೇಲರ್ ಎಳೆಯೋ ಕಾರಿಗೆ ಮಿತಿ ಗಂಟೆಗೆ 55 ಮೈಲಿ, ಫಲಕದಲ್ಲಿ 65 ಅಂತಿದ್ದರೂ ಅಷ್ಟೇ.